ರಜೆಯಲ್ಲಿ ಡೇಟಾ ಅನಾಲಿಸಿಸ್ ಕ್ಲಾಸು: ಕಳಿಸಿದವರು, ಹೋದವರು ಅನುಭವ ಹೇಳಿ

ಮುಳ್ಳೇರಿಯದ ಅಪ್ಪ:
ನಮಸ್ಕಾರ. ಮಗಳು ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿದಳು, ಗಣಿತ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಈ ಏಪ್ರಿಲ್-ಮೇ ರಜೆಗೆ ಮಂಗಳೂರಿನಲ್ಲಿ ಆರು ವಾರದ ಡೇಟಾ ಅನಾಲಿಸಿಸ್ ಕೋರ್ಸು ಉಂಟಂತೆ, ಅಂದರೆ ಕಂಪ್ಯೂಟರಿನಲ್ಲಿ ಅಂಕಿಅಂಶ ವಿಶ್ಲೇಷಣೆ. ಎಕ್ಸೆಲ್, ಎಸ್‌ಕ್ಯುಎಲ್ (ದೊಡ್ಡ ಪಟ್ಟಿಗಳಿಂದ ಮಾಹಿತಿ ತೆಗೆಯುವ ಭಾಷೆ), ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ), ಪವರ್ ಬಿಐ (ಅಂಕಿಗಳನ್ನು ಚಿತ್ರ ಮಾಡಿ ತೋರಿಸುವ ತಂತ್ರಾಂಶ). ಫೀಸು 18,000. ಆನ್‌ಲೈನಿನಲ್ಲಿ ಅದೇ ಪಾಠ 8,500ಕ್ಕೆ. ನಮ್ಮಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವಳಿಗೆ ಹೋಗಬೇಕೂಂತ ಆಸೆ, ನನಗೆ ಈ ವಿಷಯದಲ್ಲಿ ತಲೆಬುಡ ಗೊತ್ತಿಲ್ಲ. ಸೋಮವಾರದೊಳಗೆ ಸೀಟು ಹೇಳಬೇಕು. ಕಳಿಸಿದವರು, ಕಲಿತವರು ಇದ್ದರೆ ದಯವಿಟ್ಟು ತಿಳಿಸಿ.

ಪೆರ್ಲದ ಅಮ್ಮ:
ಅಣ್ಣ, 18,000 ಎಂದು ನಂಬಿ ಕೂರಬೇಡಿ. ಹೋದ ವರ್ಷ ನನ್ನ ಮಗನನ್ನು ಕಳಿಸಿದ್ದೆ, ಪೈಸೆ ಪೈಸೆಯ ಲೆಕ್ಕ ಪುಸ್ತಕದಲ್ಲಿ ಉಂಟು. ಫೀಸು 19,500. ಕಟ್ಟಲಿಕ್ಕೆ ಹೋದ ದಿನ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಅಂದರು, 3,510. ಫೋನಿನಲ್ಲಿ ಮೂರು ಸಲ ಮಾತಾಡಿದಾಗ ಈ ಸುದ್ದಿಯೇ ಇರಲಿಲ್ಲ. ಪಿಜಿ ತಿಂಗಳಿಗೆ 6,500. ಕೋರ್ಸು ಆರು ವಾರವಾದರೂ ಬಾಡಿಗೆ ಎರಡು ತಿಂಗಳದ್ದೇ ಆಗಬೇಕು, 13,000. ಅಡ್ವಾನ್ಸು 5,000 ಕೊಟ್ಟದ್ದರಲ್ಲಿ ಬಿಟ್ಟು ಬರುವಾಗ 2,000 ಕೈಗೆ ಬಂತು, ಉಳಿದದ್ದು ಪೈಂಟಿಂಗಿಗೆ ಅಂತ ಹಿಡಿದರು. ಆದಿತ್ಯವಾರ ರಾತ್ರಿ ಅಲ್ಲಿ ಊಟ ಇಲ್ಲ, ಹೊರಗೆ ತಿಂದದ್ದಕ್ಕೆ 1,100. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ 23,000. ಅದರಲ್ಲಿ ಇದ್ದದ್ದು 4 ಜಿಬಿ ರ‍್ಯಾಮ್, ಪವರ್ ಬಿಐ ತೆರೆದರೆ ಮೆಷಿನ್ ಅಲ್ಲಿಗೇ ನಿಲ್ಲುತ್ತಿತ್ತು, ಮತ್ತೆ 2,400 ಕೊಟ್ಟು ಹೆಚ್ಚಿಸಿದ್ದು. ಶನಿವಾರ ಬಂದು ಹೋಗುವ ಬಸ್ಸಿಗೆ 1,370. ಒಟ್ಟು 66,880. ಕುಟುಂಬಶ್ರೀ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದದ್ದು, ಇನ್ನೂ ಕಟ್ಟಿ ಮುಗಿದಿಲ್ಲ.

ಸರಿ, ಕಲಿತದ್ದಾದರೂ ಏನು? ಎರಡು ವಾರ ಚೆನ್ನಾಗಿ ಕಲಿಸಿದ ಸರ್ ಬೇರೆ ಕೆಲಸ ಸಿಕ್ಕಿ ಹೋದರು. ಆಮೇಲೆ ಬಂದವರು ಪರದೆಯ ಮೇಲೆ ಬರೆದದ್ದನ್ನು ಓದಿ ಹೇಳುವುದು ಮಾತ್ರ. ಕೊನೆಯ ಪ್ರಾಜೆಕ್ಟು ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ, 891 ಸಾಲು. ಬ್ಯಾಚಿನ 38 ಮಕ್ಕಳಿಗೂ ಅದೇ ಪಟ್ಟಿ, ಅದೇ ಚಿತ್ರ. ಇಂಟರ್‌ವ್ಯೂಗೆ ಹೋದಲ್ಲಿ ಕೇಳಿದರಂತೆ: ಆ ಪಟ್ಟಿಯಲ್ಲಿ 177 ಜನರ ವಯಸ್ಸು ಖಾಲಿ ಉಂಟಲ್ಲ, ಅಲ್ಲಿಗೆ ಸರಾಸರಿ ಯಾಕೆ ತುಂಬಿಸಿದ್ದು? ಮಗ ಬಾಯಿ ಬಿಡಲಾಗದೆ ಎದ್ದು ಬಂದ. ಕ್ಲಾಸಿನಲ್ಲಿ ತುಂಬಿಸು ಅಂದರು, ತುಂಬಿಸಿದ. ಯಾಕೆ ಅಂತ ಹೇಳಿಕೊಟ್ಟವರು ಯಾರು?

ಉಪ್ಪಳದವ:
ಅಕ್ಕ, ಬೇಜಾರು ಮಾಡಬೇಡಿ, ಲ್ಯಾಪ್‌ಟಾಪನ್ನು ಕೋರ್ಸಿನ ಖರ್ಚಿಗೆ ಸೇರಿಸಿದ್ದು ಸರಿಯಲ್ಲ. ಅದು ನಿಮ್ಮ ಮನೆಯಲ್ಲೇ ಉಂಟು. 25,400 ಕಳೆದರೆ 41,480. ಅದರಲ್ಲಿಯೂ ಪಿಜಿ ಬೇಕಿರಲಿಲ್ಲ. ನಾನು 2022ರಲ್ಲಿ ಇಂಥದ್ದೇ ಕೋರ್ಸಿಗೆ ಉಪ್ಪಳದಿಂದ ಸೀಸನ್ ಟಿಕೆಟ್ ಮಾಡಿಸಿ ದಿನಾ ರೈಲಿನಲ್ಲಿ ಹೋಗಿ ಬಂದವ. ಬೆಳಿಗ್ಗೆ ಲೋಕಲ್ ತಪ್ಪಿದರೆ ಹೈವೇಗೆ ಬಂದು ಬಸ್ಸು ಹತ್ತುವುದು, ಆಗ ಹೆದ್ದಾರಿ ಅಗೆದು ಹಾಕಿದ್ದರು, ತಲಪ್ಪಾಡಿ ದಾಟುವಷ್ಟರಲ್ಲಿ ಅಂಗಿ ಕೆಂಪು. ನಾಲ್ಕು ದಿನ ಅರ್ಧ ಕ್ಲಾಸು ತಪ್ಪಿತು, ಆ ನಾಲ್ಕೂ ದಿನ ಎಸ್‌ಕ್ಯುಎಲ್‌ನ ಜಾಯಿನ್ ಪಾಠ, ಎರಡು ಪಟ್ಟಿ ಜೋಡಿಸುವುದು. ಸಂಜೆ ಒಬ್ಬ ಗೆಳೆಯನ ಹಿಂದೆ ಬಿದ್ದು ಕಲಿತೆ.

ಟೈಟಾನಿಕ್ ನಮಗೂ ಕೊಟ್ಟಿದ್ದರು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಭಾವನ ಹಾರ್ಡ್‌ವೇರ್ ಅಂಗಡಿಯ ಒಂದು ವರ್ಷದ ಬಿಲ್ಲುಗಳನ್ನು ಕೂತು ಟೈಪ್ ಮಾಡಿದೆ, 6,000ಕ್ಕೆ ಹತ್ತಿರ ಸಾಲು. ತಿಂಗಳು ತಿಂಗಳಿನ ಮೊತ್ತಕ್ಕೆ ಎಕ್ಸೆಲ್‌ನ ಪಿವಟ್ ಟೇಬಲ್ ಹಾಕಿದರೆ ಎಲ್ಲ ತಿಂಗಳೂ ವ್ಯಾಪಾರ ಅರ್ಧಕ್ಕಿಂತ ಕಡಿಮೆ. ಭಾವನಿಗೆ ಗಾಬರಿ. ನೋಡಿದರೆ ಲ್ಯಾಪ್‌ಟಾಪಿನಲ್ಲಿ ತಾರೀಕು ಅಮೆರಿಕದ ಕ್ರಮದಲ್ಲಿ ಇತ್ತು. 05/06 ಎಂದು ಹೊಡೆದದ್ದು ಮೇ 6 ಆಗಿದೆ. 13/06 ಎಂಬುದನ್ನು ಅದು ತಾರೀಕೇ ಅಲ್ಲ ಅಂತ ಬರೇ ಅಕ್ಷರವಾಗಿ ಎಡಗಡೆಗೆ ಅಂಟಿಸಿ ಇಟ್ಟಿದೆ. ಅಂದರೆ 12ರೊಳಗಿನ ದಿನಗಳೆಲ್ಲ ತಿಂಗಳು ಅದಲುಬದಲು, 12ರ ನಂತರದ್ದು ಲೆಕ್ಕಕ್ಕೇ ಇಲ್ಲ. ಅದನ್ನು ಸರಿ ಮಾಡಲಿಕ್ಕೆ ಎರಡು ರಾತ್ರಿ ಬೇಕಾಯ್ತು. ಇಂಟರ್‌ವ್ಯೂನಲ್ಲಿ ನಾನು ಹೇಳಿದ್ದು ಇದೊಂದನ್ನೇ. 31 ಕಡೆ ಅರ್ಜಿ ಹಾಕಿ ಆಗಲಿಲ್ಲ, 32ನೆಯದ್ದು ಸಿಕ್ಕಿತು, ತಿಂಗಳಿಗೆ 14,000. ಈಗ ಅದರ ಮೂರು ಪಾಲು ಉಂಟು. ಕೋರ್ಸು ಬಾಗಿಲು ತೋರಿಸ್ತದೆ, ಒಳಗೆ ನಾವೇ ಹೋಗಬೇಕು.

ಪೆರ್ಲದ ಅಮ್ಮ:
ತಮ್ಮಾ, ನನ್ನ ಮಗ ಉದಾಸೀನ ಮಾಡಿದ ಅಂತ ನೀವು ಹೇಳಿದ ಹಾಗಾಯ್ತು. ಅವನು ರಾತ್ರಿ ಎರಡು ಗಂಟೆವರೆಗೆ ಕೂತದ್ದನ್ನು ಕಂಡವಳು ನಾನು. ಪಿಜಿ ಬೇಕಿರಲಿಲ್ಲ ಅಂತೀರಿ, ನಿಮ್ಮ ಮನೆ ರೈಲು ಸ್ಟೇಷನ್ನಿನ ಹತ್ತಿರ. ಪೆರ್ಲದಿಂದ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು ಎಂದು ಒಮ್ಮೆ ಬಂದು ನೋಡಿ. ಲ್ಯಾಪ್‌ಟಾಪ್ ಕೋರ್ಸಿಗೇ ತೆಗೆದದ್ದು, ಆದ ಕಾರಣ ಅದು ಕೋರ್ಸಿನ ಖರ್ಚೇ. ನಿಮಗೆ ಅಂಗಡಿ ಇದ್ದ ಭಾವ ಸಿಕ್ಕಿದರು. ಎಲ್ಲರಿಗೂ ಸಿಗುದಿಲ್ಲ.

ಕುಂಬಳೆಯ ವಿದ್ಯಾರ್ಥಿನಿ:
ಮುಳ್ಳೇರಿಯ ಮಾವ, ನಿಮ್ಮ ಮಗಳು ಕನ್ನಡ ಮೀಡಿಯಂ ಅಂತ ಬರೆದಿದ್ದೀರಿ, ಅದಕ್ಕೇ ನಾನು ಬರೆಯುವುದು. ನಾನು ದೂರ ಬೇಡ ಅಂತ ಇಲ್ಲೇ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ನಡೆದ ನಾಲ್ಕು ವಾರದ ಬೇಸಿಗೆ ತರಬೇತಿಗೆ ಸೇರಿದೆ. ಫೀಸು 4,000 ಮಾತ್ರ. ಜಾಹೀರಾತಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಅಂತ ಇತ್ತು. ಮೊದಲ ದಿನ ಹತ್ತು ನಿಮಿಷ ಇಂಗ್ಲಿಷ್, ನಂತರ ಪೂರ್ತಿ ಮಲಯಾಳ. ನನಗೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡುವಷ್ಟು ಮಲಯಾಳ ಬರ್ತದೆ. ಆದರೆ ಸರಾಸರಿ ಯಾವಾಗ ಮೋಸ ಮಾಡ್ತದೆ, ಸಾಲಾಗಿ ನಿಲ್ಲಿಸಿ ನಟ್ಟನಡುವಿನ ಸಂಖ್ಯೆ ಯಾವಾಗ ತೆಗೆಯಬೇಕು ಎಂಬುದನ್ನು ವೇಗದ ಮಲಯಾಳದಲ್ಲಿ ಹೇಳಿದರೆ ಹಿಡಿಯಲಿಕ್ಕೆ ಆಗಲಿಲ್ಲ. ಕೇಳಿದೆ. ಇಡೀ ಕ್ಲಾಸು ತಿರುಗಿ ನೋಡಿತು. ಮತ್ತೆ ಕೇಳಲಿಲ್ಲ.

ನನ್ನ ಪ್ರಾಜೆಕ್ಟಿಗೆ ನಮ್ಮ ಊರ ವಾಚನಾಲಯದ ಪುಸ್ತಕ ಪಟ್ಟಿ ತಗೊಂಡೆ, 2,300 ಪುಸ್ತಕ. ಪಟ್ಟಿ 'ನುಡಿ' ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫಾಂಟು ತೆಗೆದರೆ ಬರೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡಿಗೆ ತಂದು ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಪುನಃ ಒಂದು ಕನ್ನಡ ಅಕ್ಷರ ಇಲ್ಲ, ಎಲ್ಲ ಚೌಕ ಮತ್ತು ಗೀಟು. ಟೀಚರಿಗೂ ಗೊತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಹೆಸರು ಬರೆ ಅಂದರು. 2,300 ಹೆಸರು! ಮೂರು ದಿನ ಹುಡುಕಿ ಸಿಕ್ಕಿದ್ದು ಇಷ್ಟೇ: ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬಾರದು, ಡೇಟಾ ಮೆನುವಿನ ಮೂಲಕ ಒಳಗೆ ತಂದು ಯೂನಿಕೋಡಿನ ಸಂಕೇತವಾದ ಯುಟಿಎಫ್-8 ಎಂದು ಆರಿಸಬೇಕು. ಕನ್ನಡದಲ್ಲೇ ಇಟ್ಟು ಪ್ರಾಜೆಕ್ಟು ಕೊಟ್ಟೆ. ಓದಲಿಕ್ಕೆ ಆಗುದಿಲ್ಲ ಅಂತ ಮಾರ್ಕು ಕಡಿದರು.

ಉಪ್ಪಳದವ:
ತಂಗಿ, ನಿಮ್ಮ ಕಷ್ಟ ಒಪ್ತೇನೆ. ಆದರೆ ಕಾಸರಗೋಡಿನಲ್ಲಿ ಹುಟ್ಟಿ ಬೆಳೆದು ಮಲಯಾಳ ಸರಿಯಾಗಿ ಕಲಿಯದಿದ್ದರೆ ನಷ್ಟ ನಮಗೇ. ನನ್ನ ಆಫೀಸಿನಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ನಾಲ್ಕೂ ಬೇಕು.

ಕುಂಬಳೆಯ ವಿದ್ಯಾರ್ಥಿನಿ:
ಅಣ್ಣ, ಕಲಿಯುದಿಲ್ಲ ಅಂತ ನಾನು ಎಲ್ಲಿ ಬರೆದೆ? ಇಂಗ್ಲಿಷ್ ಅಂತ ಹೇಳಿ ದುಡ್ಡು ತಗೊಂಡವರು ಇಂಗ್ಲಿಷಿನಲ್ಲಿ ಕಲಿಸಬೇಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿಯ ಕನ್ನಡದವರು ಕೇಳ್ತಾ ಬಂದ ಮಾತು ಇದು, ನೀವೇ ಹೊಂದಿಕೊಳ್ಳಿ ಅಂತ. ನಮ್ಮವರೇ ಹೇಳಿದಾಗ ಹೆಚ್ಚು ನೋವಾಗ್ತದೆ.

ಬದಿಯಡ್ಕದ ನಿವೃತ್ತ ಮಾಷ್ಟ್ರು:
ಮಕ್ಕಳೇ, ಸ್ವಲ್ಪ ಸಮಾಧಾನ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವ. ಕೇರಳದ ಶಾಲೆಗಳಲ್ಲಿ 2001ರಲ್ಲೇ ಐಟಿ ಅಟ್ ಸ್ಕೂಲ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆ ಶುರುವಾಗಿದೆ, ಈಗ ಅದರ ಹೆಸರು ಕೈಟ್. ನಮ್ಮ ಮಕ್ಕಳಿಗೆ ವಿಂಡೋಸ್ ಬದಲಿಗೆ ಬಳಸುವ ಲಿನಕ್ಸು, ಎಕ್ಸೆಲಿನಂಥ ಲಿಬ್ರೆ ಆಫೀಸಿನ ಕ್ಯಾಲ್ಕ್ ಎರಡೂ ಹೈಸ್ಕೂಲಿನಲ್ಲೇ ಪರಿಚಯ. ಕ್ಯಾಲ್ಕ್‌ನಲ್ಲಿ ಸಿಎಸ್‌ವಿ ತೆರೆಯುವಾಗಲೇ ಯಾವ ಲಿಪಿ ಸಂಕೇತ ಎಂದು ಕೇಳ್ತದೆ, ಕುಂಬಳೆಯ ಮಗುವಿನ ಮೂರು ದಿನ ಉಳಿಯುತ್ತಿತ್ತು. ದುಡ್ಡು ಒಂದು ರೂಪಾಯಿ ಬೇಡ.

ಹೋದ ವರ್ಷ ರಜೆಯಲ್ಲಿ ಮೊಮ್ಮಗಳು ಬಂದಿದ್ದಳು. ನನ್ನ ತಂದೆ 1978ರಿಂದ ಮಳೆ ಲೆಕ್ಕ ಬರೆದಿಟ್ಟ ಪುಸ್ತಕಗಳಿವೆ, ಅವರ ನಂತರ ನಾನು ಬರೆದದ್ದು. ಅದನ್ನು ಕಂಪ್ಯೂಟರಿಗೆ ಹಾಕುವಾ ಎಂದು ಕೂತೆವು. ಒಂದು ಜುಲೈ ತಿಂಗಳಿಗೆ ಒಟ್ಟು 41 ಬಂತು. ಬದಿಯಡ್ಕದಲ್ಲಿ ಜುಲೈಗೆ 41 ಮಿಲಿಮೀಟರ್ ಮಳೆಯೇ? ಅದು ಒಂದು ಮಧ್ಯಾಹ್ನ ಬೀಳುವ ಮಳೆ. ಹಳೆ ಪುಸ್ತಕ ಪುನಃ ತಿರುವಿದರೆ ತಂದೆ ಬರೆದದ್ದು ಇಂಚಿನಲ್ಲಿ. 25.4ರಿಂದ ಗುಣಿಸಿದಾಗ 1,041 ಮಿ.ಮೀ., ಆಗ ಮನಸ್ಸಿಗೆ ಸಮಾಧಾನ. ಎಲ್ಲಿಂದ ಮಿ.ಮೀ. ಶುರು ಎಂದು ಪುಟ ಪುಟ ನೋಡಿ ಗೆರೆ ಹಾಕಲಿಕ್ಕೇ ಒಂದು ವಾರ.

ಇನ್ನೊಂದು. ಹವಾಮಾನ ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಅಳೆಯುವುದು. ಮಂಗಳವಾರ ರಾತ್ರಿ ಹೊಯ್ದದ್ದು ಬುಧವಾರದ ಲೆಕ್ಕ. ತಂದೆಯ ಕ್ರಮವೂ ಅದೇ, ನಾನು ನಡುವೆ ಕೆಲವು ವರ್ಷ ಶಾಲೆಯಿಂದ ಬಂದು ಸಂಜೆ ಬರೆದಿದ್ದೆ. ಇಲಾಖೆಯ ಅಂಕಿಯ ಪಕ್ಕ ಇಟ್ಟರೆ ಆ ವರ್ಷಗಳದ್ದು ಒಂದಕ್ಕೊಂದು ಕೂಡಿ ಬರುದಿಲ್ಲ. ತಪ್ಪು ನನ್ನದೇ, ಆ ವರ್ಷಗಳಿಗೆ ಬೇರೆ ಬಣ್ಣ ಕೊಟ್ಟು ಇಟ್ಟಿದ್ದೇವೆ. ಮಳೆ ದಿನ ಎಂದರೆ 2.5 ಮಿ.ಮೀ. ಅಥವಾ ಮೇಲೆ ಎಂಬುದು ಇಲಾಖೆಯ ಲೆಕ್ಕ, ನಾವು ಹನಿ ಬಿದ್ದ ದಿನವನ್ನೆಲ್ಲ ಎಣಿಸಿ ಮೊದಲು ಎಡವಿದೆವು.

ಅಡೂರಿನ ಕೃಷಿಕ:
ಮಾಷ್ಟ್ರೇ, ಮಳೆ ಲೆಕ್ಕ ಒಳ್ಳೆಯದು, ಅಡಿಕೆಗೆ ಮದ್ದು ಬಿಡುವ ದಿನ ನೋಡಲಿಕ್ಕೆ ಆಗ್ತದೆ. ಆದರೆ ಮಕ್ಕಳ ಈ ಲೆಕ್ಕದ ಮೇಲೆ ನನಗೆ ವಿಶ್ವಾಸ ಹೋಗಿದೆ. ನನ್ನ ತಮ್ಮನ ಮಗ ಇಂಥದ್ದೇ ಕೋರ್ಸಿನಿಂದ ಬಂದು ಐದು ವರ್ಷದ ಅಡಿಕೆ ಧಾರಣೆಯ ಗೆರೆಚಿತ್ರ ಮಾಡಿ ತೋರಿಸಿದ. ಇಂಥ ತಿಂಗಳಲ್ಲಿ ಕೊಡಿ ಅಂದ. ನೋಡಿದರೆ ಹಳೆ ಅಡಿಕೆ, ಹೊಸ ಅಡಿಕೆ, ಕಡಿಮೆ ದರ್ಜೆಯ ಪಟೋರ, ಕೋಕ ಎಲ್ಲವನ್ನೂ ಒಂದೇ ಕಾಲಮಿಗೆ ಹಾಕಿ ಸರಾಸರಿ ತೆಗೆದಿದ್ದಾನೆ. ಮಾರುಕಟ್ಟೆಗೆ ಕೋಕ ಜಾಸ್ತಿ ಬಂದ ತಿಂಗಳು ಬೆಲೆ ಬಿದ್ದ ಹಾಗೆ ಕಾಣುತ್ತದೆ. ಬೆಲೆ ಬಿದ್ದದ್ದಲ್ಲ! ಅವನ ಮಾತು ಕೇಳಿ ನಾನು ಮೂರು ಕ್ವಿಂಟಾಲ್ ಹಳತು ತಡೆದು ಇಟ್ಟೆ. ಕಿಲೋಕ್ಕೆ 22 ರೂಪಾಯಿ ಕಡಿಮೆಗೆ ಕೊಡಬೇಕಾಯ್ತು, 6,600 ಹೋಯ್ತು.

ಉಪ್ಪಳದವ:
ಅದು ಹುಡುಗನ ತಪ್ಪು, ಕೋರ್ಸಿನದ್ದಲ್ಲ. ಗುಂಪು ಮಾಡಿ ಬೇರೆ ಬೇರೆ ಸರಾಸರಿ ತೆಗೆಯುವುದು ಮೊದಲ ವಾರದ ಪಾಠ.

ಅಡೂರಿನ ಕೃಷಿಕ:
ನಿಮಗೆ ಎಲ್ಲವೂ ಮಕ್ಕಳ ತಪ್ಪು. ಪೆರ್ಲದ ಅಕ್ಕನ ಮಗನದ್ದೂ ತಪ್ಪು, ಕುಂಬಳೆಯ ಹುಡುಗಿಯದ್ದೂ ತಪ್ಪು. ಪಟೋರ ಯಾವುದು, ಕೋಕ ಯಾವುದು ಅಂತ ಆ ಕ್ಲಾಸಿನಲ್ಲಿ ಯಾರಿಗೆ ಗೊತ್ತಿತ್ತು ಕೇಳಿ. ಗೊತ್ತಿದ್ದ ನನ್ನ ಹತ್ತಿರ ಅವ ಒಂದು ಮಾತು ಕೇಳಲಿಲ್ಲ, ಅದು ನನ್ನ ಸಂಕಟ.

ನೀರ್ಚಾಲಿನಿಂದ:
ಆನ್‌ಲೈನ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಎರಡು ವರ್ಷದ ಹಿಂದೆ 9,000 ಕೊಟ್ಟು ಲೈವ್ ಕ್ಲಾಸಿಗೆ ಸೇರಿದ್ದೆ. ಮೇ ಮೊದಲ ವಾರ ಸಿಡಿಲಿಗೆ ಮೋಡೆಮ್ ಹೋಯ್ತು, ಹೊಸತಕ್ಕೆ 1,800. ಎಂಟು ದಿನ ಗುಡ್ಡದ ಮೇಲೆ ಕೂತು ಮೊಬೈಲಿನಲ್ಲಿ ಕ್ಲಾಸು. ಸಂಜೆ ಗುಡುಗು ಶುರುವಾದರೆ ಕರೆಂಟಿಲ್ಲ, ಕ್ಲಾಸು ಇದ್ದದ್ದೂ ಸಂಜೆಯೇ. ರೆಕಾರ್ಡಿಂಗ್ ಕೊಡ್ತೇವೆ ಅಂದವರು 30 ದಿನಕ್ಕೆ ಬಂದ್ ಮಾಡಿದರು. ದುಡ್ಡು ವಾಪಸು ಕೇಳಿ ಬರೆದ 11 ಇಮೇಲಿಗೆ ಒಂದು ಉತ್ತರ ಬಂತು, ಆಗುದಿಲ್ಲ ಅಂತ. ಆಮೇಲೆ ಜುಲೈಯಲ್ಲಿ ಐಐಟಿಯವರ ಆನ್‌ಲೈನ್ ಪಾಠ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಕಲಿತೆ, ಪರೀಕ್ಷೆಗೆ ಮಾತ್ರ 1,000 ಕಟ್ಟಿದ್ದು. ಪೈಥಾನ್ ಅಭ್ಯಾಸ ಎಲ್ಲ ಗೂಗಲ್ ಕೊಲ್ಯಾಬ್‌ನಲ್ಲಿ. ಅದು ಬ್ರೌಸರಿನಲ್ಲೇ ನಡೆಯುವ ಕಾರಣ ನನ್ನ ಹಳೆ ಲ್ಯಾಪ್‌ಟಾಪಿಗೆ ಭಾರ ಆಗಲಿಲ್ಲ.

ಪೆರ್ಲದ ಅಮ್ಮ:
ಬದಿಯಡ್ಕದ ಮಾಷ್ಟ್ರೇ, ಒಂದು ಕೇಳ್ತೇನೆ. ನಿಮ್ಮ ಮಳೆ ಪುಸ್ತಕದಲ್ಲಿ ಖಾಲಿ ಬಿಟ್ಟ ದಿನಗಳಿಗೆ ಏನು ಮಾಡಿದಿರಿ? ಮಗ ಪಕ್ಕದಲ್ಲಿ ಕೂತು ಕೇಳಿಸ್ತಾ ಇದ್ದಾನೆ.

ಬದಿಯಡ್ಕದ ನಿವೃತ್ತ ಮಾಷ್ಟ್ರು:
ಮೊಮ್ಮಗಳು ಮೊದಲು ಸೊನ್ನೆ ಹಾಕಿದ್ದಳು. ಮಳೆ ಇಲ್ಲದ ದಿನ ತಂದೆ ಸೊನ್ನೆ ಬರೆಯುವವರೇ, ಖಾಲಿ ಬಿಡುವ ಕ್ರಮ ಇಲ್ಲ. 1994ರ ಆಗಸ್ಟಿನಲ್ಲಿ 17 ದಿನ ಖಾಲಿ ಉಂಟು. ಆಗ ಅವರು ಮಂಗಳೂರಿನಲ್ಲಿ ಆಸ್ಪತ್ರೆಯಲ್ಲಿದ್ದರು, ನಾವೆಲ್ಲ ಅಲ್ಲೇ. ಹೊರಗೆ ಜಡಿಮಳೆ. ಸೊನ್ನೆ ಹಾಕಿದರೆ ಸುಳ್ಳು, ಸರಾಸರಿ ಹಾಕಿದರೂ ನಾವು ಅಳೆಯದ್ದನ್ನು ಅಳೆದೆವು ಎಂದ ಹಾಗೆ. ಖಾಲಿಯೇ ಬಿಟ್ಟು, ಆ ತಿಂಗಳ ಮೊತ್ತವನ್ನು ಹೋಲಿಕೆಯಿಂದ ಹೊರಗೆ ಇಟ್ಟೆವು. ಟೈಟಾನಿಕ್ ಪಟ್ಟಿಯ ವಯಸ್ಸಿಗೆ ಏನು ಮಾಡಬೇಕು ಎಂಬುದು ಯಾಕೆ ಖಾಲಿ ಆಯ್ತು ಎಂಬುದರ ಮೇಲೆ ಹೋಗ್ತದೆ. ಬದುಕಿ ಉಳಿದವರನ್ನು ಆಮೇಲೆ ಕೇಳಿ ಬರೆದುಕೊಳ್ಳಬಹುದು, ಮುಳುಗಿದವರನ್ನು ಕೇಳಲಿಕ್ಕೆ ಆಗುದಿಲ್ಲವಲ್ಲ. ಮಗನನ್ನು ಒಂದು ದಿನ ಕಳಿಸಿ ಅಮ್ಮಾ, ಪುಸ್ತಕ ತೋರಿಸ್ತೇನೆ.

ಮುಳ್ಳೇರಿಯದ ಅಪ್ಪ:
ಎಲ್ಲರಿಗೂ ಕೈ ಮುಗಿದೆ. ಮಗಳು ಪೂರ್ತಿ ಓದಿದಳು. ಸೋಮವಾರ ನಾನೂ ಅವಳ ಜೊತೆ ಹೋಗಿ ಯಾರು ಕಲಿಸ್ತಾರೆ, ಯಾವ ಭಾಷೆಯಲ್ಲಿ, ಪ್ರಾಜೆಕ್ಟಿಗೆ ನಮ್ಮದೇ ಲೆಕ್ಕ ತರಬಹುದಾ ಎಂದು ಕೇಳ್ತೇನೆ. ನಮ್ಮ ಹಾಲಿನ ಸೊಸೈಟಿಯ ಪುಸ್ತಕ ಕೊಡಲಿಕ್ಕೆ ಕಾರ್ಯದರ್ಶಿ ಒಪ್ಪಿದ್ದಾರೆ. ಫೀಸು ಎರಡು ಕಂತಿನಲ್ಲಿ ತಗೊಳ್ತಾರಾ, ಯಾರಿಗಾದರೂ ಗೊತ್ತುಂಟಾ?

ಪೆರ್ಲದ ಅಮ್ಮ:
ತಗೊಳ್ತಾರೆ, ಕೇಳಿದರೆ ಮಾತ್ರ. ಎರಡನೇ ಕಂತನ್ನು ಮೂರನೇ ವಾರ ಆದ ಮೇಲೆ ಕೊಡ್ತೇನೆ ಅಂತ ಹೇಳಿ, ಕಲಿಸುವವರು ಬದಲಾದರೆ ಗೊತ್ತಾಗ್ತದೆ. 18,000ದಲ್ಲಿ ಜಿಎಸ್‌ಟಿ ಸೇರಿದೆಯಾ ಎಂದು ಬರೆದು ತಗೊಳ್ಳಿ. ಸೇರದಿದ್ದರೆ 21,240 ಆಗ್ತದೆ.