ಮಿಸ್‌ಡಿಮೀನರ್ ಅಂದ್ರೆ ಸಣ್ಣ ಕೇಸ್ ತಾನೇ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತಮ್ಮ ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ, ಎಫ್-1 ವೀಸಾ. ಹೋದ ವಾರ ಒಂದು ಅಂಗಡಿಯ ಸೆಲ್ಫ್ ಚೆಕ್‌ಔಟ್‌ನಲ್ಲಿ ಕೆಲವು ಸಾಮಾನು ಸ್ಕ್ಯಾನ್ ಆಗದೇ ಬ್ಯಾಗಿಗೆ ಹೋಗಿವೆ. ಒಟ್ಟು 140 ಡಾಲರ್. ಬಾಗಿಲಲ್ಲೇ ತಡೆದು ಪೊಲೀಸರನ್ನು ಕರೆಸಿದರು. ರಾತ್ರಿ ಜೈಲಿನಲ್ಲಿದ್ದು ಬೆಳಗ್ಗೆ ಬಾಂಡ್ ಮೇಲೆ ಹೊರಗೆ ಬಂದ. ಕಾಗದದಲ್ಲಿ ‘ಥೆಫ್ಟ್, ಕ್ಲಾಸ್ ಬಿ ಮಿಸ್‌ಡಿಮೀನರ್’ ಅಂತ ಇದೆ. ಫೆಲೊನಿ ಅಲ್ವಲ್ಲ, ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು ಅಂತ ರೂಮ್‌ಮೇಟ್‌ಗಳು ಹೇಳುತ್ತಿದ್ದಾರೆ. ಇವೆರಡಕ್ಕೂ ಏನು ವ್ಯತ್ಯಾಸ? ನಮ್ಮ ಕಡೆ ಬೇಲಬಲ್, ನಾನ್-ಬೇಲಬಲ್ ಅಂತಾರಲ್ಲ, ಹಾಗಾ?

ಉತ್ತರ (ಟೆಕ್ಸಾಸ್‌ನಲ್ಲಿ ಕ್ರಿಮಿನಲ್ ವಕೀಲೆ): ಮೊದಲು ತಮ್ಮನಿಗೆ ಫೋನ್ ಮಾಡಿ, ಯಾವುದಕ್ಕೂ ಸಹಿ ಹಾಕಬೇಡ ಅಂತ ಹೇಳಿ. ಆಮೇಲೆ ಇದನ್ನು ಓದಿ.

ಬೇಲಬಲ್ ಥರ ಅಲ್ಲ. ಇಲ್ಲಿ ಫೆಲೊನಿಗೂ ಸಾಮಾನ್ಯವಾಗಿ ಬೇಲ್ ಸಿಗುತ್ತದೆ. ನೋಡುವುದು ಹೆಚ್ಚೆಂದರೆ ಎಷ್ಟು ಶಿಕ್ಷೆ ಕೊಡಬಹುದು ಅನ್ನುವುದನ್ನು. ಫೆಡರಲ್ ಕಾನೂನಿನಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದರೆ ಫೆಲೊನಿ, ಒಂದು ವರ್ಷದೊಳಗಿದ್ದರೆ ಮಿಸ್‌ಡಿಮೀನರ್. ಬಹಳಷ್ಟು ರಾಜ್ಯಗಳ ಲೆಕ್ಕವೂ ಹೆಚ್ಚುಕಮ್ಮಿ ಇದೇ. ಟೆಕ್ಸಾಸ್‌ನಲ್ಲಿ ಕಳ್ಳತನದ ಕೇಸು ಮಾಲಿನ ಬೆಲೆ ನೋಡಿ ಮೇಲೇರುತ್ತದೆ. 100 ಡಾಲರ್‌ಗಿಂತ ಕಡಿಮೆಯಾದರೆ ಕ್ಲಾಸ್ ಸಿ, ಬರೀ ದಂಡ. 750ರ ಒಳಗೆ ಕ್ಲಾಸ್ ಬಿ, 180 ದಿನದವರೆಗೆ ಜೈಲು. 2,500ರ ಒಳಗೆ ಕ್ಲಾಸ್ ಎ, ಒಂದು ವರ್ಷದವರೆಗೆ. 2,500 ಮುಟ್ಟಿದರೆ ಫೆಲೊನಿ.

ಇಲ್ಲೇ ಹುಟ್ಟಿ ಬೆಳೆದವರಿಗೆ ಈ ವ್ಯತ್ಯಾಸ ದೊಡ್ಡದು. ವೀಸಾ ಮೇಲೆ ಇರುವವರು ಮಾತ್ರ ಆ ಹೆಸರನ್ನು ನಂಬಿ ಕೂರಬಾರದು. ಇಮಿಗ್ರೇಶನ್‌ನವರು ನೋಡುವುದೇ ಬೇರೆ. ಕಳ್ಳತನವನ್ನು ಅವರು ಸಾಮಾನ್ಯವಾಗಿ ‘ಮಾರಲ್ ಟರ್ಪಿಟ್ಯೂಡ್’ ಅಂದರೆ ನೀತಿಗೆಟ್ಟ ಅಪರಾಧ ಅಂತ ಎಣಿಸುತ್ತಾರೆ. ದೇಶಕ್ಕೆ ಬಂದ ಐದು ವರ್ಷದೊಳಗೆ ಅಂಥ ಅಪರಾಧ ನಡೆದು, ಅದರಲ್ಲಿ ಕನ್ವಿಕ್ಷನ್ (ತಪ್ಪಿತಸ್ಥ ಅಂತ ತೀರ್ಪು) ಆಗಿ, ಅದಕ್ಕೆ ಒಂದು ವರ್ಷ ಶಿಕ್ಷೆ ಕೊಡಲು ಅವಕಾಶ ಇದ್ದರೆ ಸಾಕು, ಗಡೀಪಾರಿಗೆ ಕಾರಣವಾಗುತ್ತದೆ. ಒಂದು ದಿನವೂ ಜೈಲಿಗೆ ಹೋಗಬೇಕಾಗಿಲ್ಲ. ಅಂದರೆ ಟೆಕ್ಸಾಸ್‌ನ ಕ್ಲಾಸ್ ಎ ಕಳ್ಳತನ ಮಿಸ್‌ಡಿಮೀನರ್ ಆಗಿದ್ದರೂ ಈ ಬಲೆಗೆ ಬೀಳುತ್ತದೆ. ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾ 2015ರಲ್ಲಿ ಮಿಸ್‌ಡಿಮೀನರ್‌ಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿತು. ಒಂದೇ ಒಂದು ದಿನ ನೋಡಿ, ಎಷ್ಟು ಸಂಸಾರ ಉಳಿಸುತ್ತದೆ!

ನಿಮ್ಮ ತಮ್ಮನದು ಕ್ಲಾಸ್ ಬಿ, ಇದು ಮೊದಲ ಕೇಸ್ ಆಗಿದ್ದರೆ ಆ ಬಲೆಗೆ ಬೀಳುವುದಿಲ್ಲ. ಆದರೂ ಮುಂದೆ ವೀಸಾ ಸ್ಟಾಂಪಿಂಗ್‌ಗೆ ಹೋದಾಗ ಅರೆಸ್ಟ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಸುಮ್ನೆ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ‘ಡಿಫರ್ಡ್ ಅಡ್ಜುಡಿಕೇಶನ್’ (ತೀರ್ಪನ್ನು ತಡೆದಿಟ್ಟು ಕೆಲವು ಕಾಲ ನಿಗಾದಲ್ಲಿಡುವುದು) ತಗೊಂಡರೆ ಕೊನೆಗೆ ಕೇಸ್ ಡಿಸ್ಮಿಸ್ ಆಗುತ್ತದಂತೆ. ಅದಾದರೂ ಪರವಾಗಿಲ್ವಾ ಮೇಡಂ?

ಉತ್ತರ: ನನ್ನ ಹತ್ತಿರ ಬರುವ ನಮ್ಮ ಹುಡುಗರು ಜಾಸ್ತಿ ಎಡವುವುದು ಇಲ್ಲೇ. ಅದಕ್ಕೆ ಮೊದಲು ‘ಗಿಲ್ಟಿ’ ಅಥವಾ ‘ನೋ ಕಾಂಟೆಸ್ಟ್’ (ಆರೋಪದ ವಿರುದ್ಧ ವಾದಿಸುವುದಿಲ್ಲ) ಅನ್ನಬೇಕು. ಟೆಕ್ಸಾಸ್ ಲೆಕ್ಕದಲ್ಲಿ ಅದು ಕನ್ವಿಕ್ಷನ್ ಅಲ್ಲ. ಇಮಿಗ್ರೇಶನ್ ಲೆಕ್ಕದಲ್ಲಿ ಹೌದು. ನಂತರ ಡಿಸ್ಮಿಸ್ ಆದರೂ ಅವರಿಗೆ ಅದು ಕನ್ವಿಕ್ಷನ್ನೇ. ಅದರ ಬದಲು ಪ್ರಿಟ್ರಯಲ್ ಡೈವರ್ಶನ್, ಅಂದರೆ ವಿಚಾರಣೆಗೆ ಮೊದಲೇ ಷರತ್ತು ಪೂರೈಸಿ ಕೇಸ್ ಕೈಬಿಡಿಸಿಕೊಳ್ಳುವ ದಾರಿ ಸಿಗುತ್ತದಾ ಅಂತ ವಕೀಲರಿಂದ ಕೇಳಿಸಿ. ತಪ್ಪೊಪ್ಪಿಗೆ ಬರೆಸಿಕೊಳ್ಳದ ಡೈವರ್ಶನ್ ಆಗಬೇಕು, ಅದನ್ನು ಒತ್ತಿ ಹೇಳಿ.

ಇನ್ನೊಂದು. ಮರೆತು ಸ್ಕ್ಯಾನ್ ಮಾಡದಿದ್ದರೆ ಅದು ಕಳ್ಳತನ ಅಲ್ಲ. ಬೇಕಂತಲೇ ಮಾಡಿದ ಅಂತ ಸರ್ಕಾರಿ ವಕೀಲರು ಸಾಬೀತು ಮಾಡಬೇಕು. ಉಳಿದ ಸಾಮಾನಿಗೆ ದುಡ್ಡು ಕೊಟ್ಟ ರಸೀದಿ ಇದೆಯಾ? ಜೋಪಾನವಾಗಿಡಲಿ. ಅಂಗಡಿಯ ಕ್ಯಾಮೆರಾ ವಿಡಿಯೊ ಅಳಿಸಿಹೋಗುವ ಮೊದಲೇ ಅದನ್ನು ಕಾಯ್ದಿಡುವಂತೆ ವಕೀಲರಿಂದ ಪತ್ರ ಹೋಗಲಿ.

ವೀಸಾಕ್ಕೆ ಏನಾಗುತ್ತದೆ ಅಂತ ತನ್ನ ಕ್ರಿಮಿನಲ್ ವಕೀಲರನ್ನು ಕೇಳುವ ಹಕ್ಕು ಅವನಿಗಿದೆ. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದ್ದರೆ ವಕೀಲರು ತಿಳಿಸಲೇಬೇಕು ಅಂತ 2010ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಇಮಿಗ್ರೇಶನ್ ವಕೀಲರೊಬ್ಬರನ್ನೂ ಜೊತೆಗೆ ಇಟ್ಟುಕೊಳ್ಳಿ. ಕೋರ್ಟಿನ ತಾರೀಖು ಮಾತ್ರ ತಪ್ಪಿಸಬಾರದು, ತಪ್ಪಿಸಿದರೆ ವಾರಂಟ್ ಬರುತ್ತದೆ. ಕೇಸಿನ ಆ ಕಾಗದದ ಫೋಟೊ ನನಗೊಬ್ಬಳಿಗೇ ಮೆಸೇಜ್ ಮಾಡಿ. ಎಲ್ಲರೂ ನೋಡುವ ಈ ಗುಂಪಿನಲ್ಲಿ ಹಾಕಬೇಡಿ.