ಐರ್ಲೆಂಡಿನ ಊರ ಹೆಸರು: ಯಾವ ಕಾಗುಣಿತ, ಯಾವ ಅರ್ಥ?

ಡಬ್ಲಿನ್‌ವಾಸಿ: ಇಲ್ಲಿನ ಮಕ್ಕಳ ಕನ್ನಡ ತರಗತಿಗೆ ಸುತ್ತಮುತ್ತಲ ಊರ ಹೆಸರುಗಳ ಪಟ್ಟಿ ಮಾಡುತ್ತಿದ್ದೇನೆ. ರಸ್ತೆ ಬೋರ್ಡಿನಲ್ಲಿ ಎರಡೆರಡು ಹೆಸರು. ಮೇಲೆ ಓರೆ ಅಕ್ಷರದಲ್ಲಿ ಇಲ್ಲಿನ ಮೂಲ ಭಾಷೆ ಗೇಲಿಕ್, ಕೆಳಗೆ ಇಂಗ್ಲಿಷ್. ಕನ್ನಡದಲ್ಲಿ ಯಾವುದನ್ನು ಬರೆಯಲಿ? ಅರ್ಥವೂ ಬೇಕು. 'ಕಿಲ್' ಅಂದರೆ ಚರ್ಚು, ಕಿಲ್ಡೇರ್ ಅಂದರೆ ಓಕ್ ಮರದ ಚರ್ಚು ಅಂತ ಹಾಕಿದ್ದೇನೆ. ಸರಿನಾ?

ನಕ್ಷೆಹುಚ್ಚ: ಕಿಲ್ಡೇರ್ ಸರಿ. ಆದರೆ ಎಲ್ಲ 'ಕಿಲ್'ಗೂ ಹಾಗೇ ಬರೆದುಬಿಡಬೇಡಿ. ಗೇಲಿಕ್‌ನಲ್ಲಿ ಚರ್ಚಿಗೆ ಒಂದು ಪದ, ಕಾಡಿಗೆ ಇನ್ನೊಂದು. ಇಂಗ್ಲಿಷಿಗೆ ಇಳಿಸುವಾಗ ಎರಡೂ 'ಕಿಲ್' ಆಗಿಬಿಟ್ಟಿವೆ. ಕಿಲ್ಮೋರ್ ಅನ್ನೋ ಊರುಗಳು ಹಲವು ಇವೆ. ಒಂದು ಕಡೆ ದೊಡ್ಡ ಚರ್ಚು, ಇನ್ನೊಂದು ಕಡೆ ದೊಡ್ಡ ಕಾಡು.

ಗಣಪಣ್ಣ: ಮಕ್ಕಳ ಪಟ್ಟಿಗೆ ಇಷ್ಟೆಲ್ಲ ಯಾಕೆ? ಜನ ಆಡೋ ಇಂಗ್ಲಿಷ್ ಹೆಸರು ಬರೆದರೆ ಸಾಕು. ಡಬ್ಲಿನ್ ಅಂತ ತಾನೇ ಎಲ್ಲರೂ ಹೇಳೋದು?

ಮೀನಕ್ಕ: ಗಣಪಣ್ಣ, ಆ ಡಬ್ಲಿನ್ನೂ ಗೇಲಿಕ್ಕೇ. ದುವ್ ಲಿನ್, ಕಪ್ಪು ಮಡು. ಬೋರ್ಡಿನಲ್ಲಿರೋ ಗೇಲಿಕ್ ಹೆಸರು ಬೇರೆ: ಬಲ್ಯ ಆಹ ಕ್ಲೀಅ. ತಡಿಕೆ ಹಾಸಿ ಹೊಳೆ ದಾಟುತ್ತಿದ್ದ ಜಾಗದ ಊರು.

ಗಣಪಣ್ಣ: ಇದು ನನಗೆ ಗೊತ್ತಿರಲಿಲ್ಲ. ಆದರೂ ಗೇಲಿಕ್ ಕಾಗುಣಿತ ಕಂಡ ಕೂಡಲೇ ಗೇಲಿಕ್ ಅರ್ಥ ಹುಡುಕಬೇಡಿ. ಟೈಟಾನಿಕ್ ಹಡಗು ಕೊನೆಯದಾಗಿ ನಿಂತ ಬಂದರು ಕೋವ್. 1849ರಲ್ಲಿ ವಿಕ್ಟೋರಿಯಾ ರಾಣಿ ಬಂದು ಹೋದಾಗ ಕ್ವೀನ್ಸ್‌ಟೌನ್ ಆಯಿತು, ಆಮೇಲೆ ಮತ್ತೆ ಕೋವ್. ಈಗ ಬರೆಯುವಾಗ ಕೊನೆಗೆ ಬಿ, ಎಚ್ ಹಾಕುತ್ತಾರೆ. ನೋಡೋಕೆ ಅಪ್ಪಟ ಗೇಲಿಕ್. ಒಳಗಿರೋದು ಸಣ್ಣ ಕೊಲ್ಲಿ ಅನ್ನೋ ಇಂಗ್ಲಿಷ್ ಪದ!

ನಕ್ಷೆಹುಚ್ಚ: ಭಲೇ! ಅದಕ್ಕೇ ಬರೀ ಕಾಗುಣಿತ ನಂಬಬಾರದು. 1830ರಲ್ಲಿ ಐರ್ಲೆಂಡಿನ ನಕ್ಷೆ ಮಾಡುತ್ತಿದ್ದ ಸರ್ವೆ ಇಲಾಖೆ ಸೇರಿದ ಗೇಲಿಕ್ ವಿದ್ವಾಂಸ ಜಾನ್ ಓಡೊನೊವನ್ ಊರೂರು ತಿರುಗಿದರು. ಗೇಲಿಕ್ ಬಲ್ಲವರ ಬಾಯಿಂದ ಹೆಸರು ಕೇಳಿ, ಹಳೇ ದಾಖಲೆಗಳ ಜೊತೆ ಹೋಲಿಸಿ ಬರೆದುಕೊಂಡರು. ನಕ್ಷೆಗೆ ಹೋಗಿದ್ದು ಇಂಗ್ಲಿಷ್ ರೂಪ ಮಾತ್ರ. ಗೇಲಿಕ್ ರೂಪ ಸರ್ವೆಯ ಹೆಸರಿನ ಪುಸ್ತಕಗಳಲ್ಲಿ ಉಳಿಯಿತು. ಈಗ ಲೊಗಾನಿಮ್ ಅನ್ನೋ ಜಾಲತಾಣದಲ್ಲಿ ಹುಡುಕಿ, ಎಷ್ಟೋ ಊರುಗಳಿಗೆ ಹಳೇ ಕಾಗುಣಿತಗಳು ಇಸವಿ ಸಮೇತ ಸಿಗುತ್ತವೆ.

ಮೀನಕ್ಕ: ದಾಖಲೆ ಸರಿ, ಈಗ ಅಲ್ಲಿ ಇರುವವರ ಮಾತು? ಡಿಂಗಲ್, ಜನ ಇನ್ನೂ ಗೇಲಿಕ್ ಆಡುವ ಸೀಮೆಯ ಊರು. 2004ರ ಸರ್ಕಾರಿ ಆದೇಶದಲ್ಲಿ ಅದರ ಹೆಸರು 'ಅನ್ ಡ್ಯಾಂಗಿನ್' ಅಷ್ಟೇ ಆಯಿತು. ಕೋಟೆ ಅಂತ ಅರ್ಥ. ಬೋರ್ಡಿನಿಂದ ಡಿಂಗಲ್ ಮಾಯ. ಪ್ರವಾಸಿಗರನ್ನೇ ನಂಬಿದ ಊರು, ಜನ ಸುಮ್ನೆ ಇರ್ತಾರಾ? 2006ರಲ್ಲಿ ಮತ ಹಾಕಿ ಎರಡೂ ಹೆಸರು ಬೇಕು ಅಂದರು. ಕಾನೂನು ಬದಲಾಗೋಕೆ 2011 ಬೇಕಾಯಿತು.

ಡಬ್ಲಿನ್‌ವಾಸಿ: ಸರಿ, ಎರಡೂ ಹೆಸರು ಬರೆಯುತ್ತೇನೆ. ಊಹಿಸಿ ಬರೆದ ಅರ್ಥಗಳನ್ನು ಅಳಿಸುತ್ತಿದ್ದೇನೆ. ಒಂದೇ ಅನುಮಾನ. ಡಬ್ಲಿನ್ ಹತ್ತಿರದ ಡನ್ ಲೀರಿ ಊರಿನ ಹೆಸರು ಹೇಳುವಾಗ, ಬೋರ್ಡಿನ ಕಾಗುಣಿತದಲ್ಲಿ ನಡುವೆ ಇರೋ 'ಜಿ' ಕೇಳಿಸೋದೇ ಇಲ್ಲ. ಕನ್ನಡದಲ್ಲಿ 'ಗ' ಹಾಕಬೇಕಾ?

ಮೀನಕ್ಕ: ಬೇಡಪ್ಪ. ಕನ್ನಡದಲ್ಲಿ ಬರೆದರೆ ಮಕ್ಕಳು ಅದನ್ನೂ ಓದುತ್ತಾರೆ!