ಬಿ.ಆರ್ಕ್ ಸೇರೋಕೆ ನಾಟಾ ಸಾಕಾ, ಸಿಇಟಿನೂ ಬೇಕಾ? (ದಾವಣಗೆರೆ)

ನಿಟುವಳ್ಳಿ_ಓದುಗ

ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ, ಪಿಸಿಎಂಸಿ. ಇಂಜಿನಿಯರಿಂಗ್ ಬೇಡ, ಆರ್ಕಿಟೆಕ್ಚರ್ (ಬಿ.ಆರ್ಕ್) ಅಂತ ಗಟ್ಟಿ ಮನಸ್ಸು ಮಾಡಿದ್ದಾಳೆ. ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಕೆಮಿಸ್ಟ್ರಿಯಲ್ಲಿ ಅಂಕ ಕಡಿಮೆ ಬಂದ್ರೆ ತೊಂದರೆ ಇದೆಯಾ? ಸಿಇಟಿ ಬರೀಬೇಕಾ, ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ನಾಟಾ ಒಂದೇ ಸಾಕಾ? ಡ್ರಾಯಿಂಗ್ ಕೋಚಿಂಗ್‌ಗೆ ಬೆಂಗಳೂರಿಗೆ ಕಳಿಸದೆ ಇಲ್ಲೇ ಅಭ್ಯಾಸ ಮಾಡಿಸಬಹುದಾ? ಅವಳ ಗೆಳತಿ ಕಾಮರ್ಸ್, ಅವಳಿಗೂ ಇದೇ ಆಸೆ. ಇನ್ನೊಬ್ಬ ಹುಡುಗ ಪಾಲಿಟೆಕ್ನಿಕ್ ಸಿವಿಲ್ ಡಿಪ್ಲೊಮಾ ಕೊನೇ ವರ್ಷ, ನೇರವಾಗಿ ಎರಡನೇ ವರ್ಷಕ್ಕೆ ಸೇರ್ತೀನಿ ಅಂತಿದ್ದಾನೆ. ಅವರಿಬ್ಬರಿಗೂ ಸೇರಿಸಿ ತಿಳಿದವರು ಹೇಳಿ.

ಸ್ಕೇಲು_ಪೆನ್ಸಿಲ್

ಮೊದಲು ಆ ಡಿಪ್ಲೊಮಾ ಹುಡುಗನ ವಿಷಯ, ಯಾಕಂದ್ರೆ ತಪ್ಪು ತಿಳಿವಳಿಕೆ ಅಲ್ಲೇ ಜಾಸ್ತಿ. ಬಿಇಗೆ ಇರೋ ಹಾಗೆ ಬಿ.ಆರ್ಕ್‌ಗೆ ಲ್ಯಾಟರಲ್ ಎಂಟ್ರಿ ಇಲ್ಲ. ಗಣಿತ ಇರೋ ಮೂರು ವರ್ಷದ ಡಿಪ್ಲೊಮಾದಲ್ಲಿ 45% ಬಂದಿದ್ರೆ ಅವನೂ ನಾಟಾ ಬರೆದು ಮೊದಲನೇ ವರ್ಷಕ್ಕೇ ಸೇರಬೇಕು. ಐದು ವರ್ಷ, ಹತ್ತು ಸೆಮಿಸ್ಟರ್, ಎಲ್ಲರಿಗೂ ಒಂದೇ.

ಅರ್ಹತೆ ತೀರ್ಮಾನಿಸೋದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಆದ ಸಂಸ್ಥೆ ಅದು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೇ ವಿಷಯ ಕೆಮಿಸ್ಟ್ರಿನೇ ಆಗಬೇಕು ಅನ್ನೋ ಹಳೇ ನಿಯಮ ಸಡಿಲ ಆಗಿದೆ. ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್ ಗ್ರಾಫಿಕ್ಸ್ ಇವುಗಳಲ್ಲಿ ಒಂದಿದ್ರೂ ನಡೆಯುತ್ತೆ. ಮೊದಲು 50% ಕೇಳ್ತಿದ್ರು, ಈಗ 45%. ಆದ್ರೆ ಇದನ್ನು ನಂಬಿ ಕೆಮಿಸ್ಟ್ರಿ ಕೈಬಿಡಬೇಡಿ. ಪಿಯುಸಿ ಪಾಸಾಗೋಕೆ ಅದು ಬೇಕೇ ಬೇಕು, ಮೇಲಾಗಿ ಒಟ್ಟು ಶೇಕಡಾವಾರು ರ‍್ಯಾಂಕಿಗೆ ಲೆಕ್ಕ ಆಗುತ್ತೆ.

ಕಾಮರ್ಸ್ ಗೆಳತಿಗೆ ಬೇಸರದ ಉತ್ತರ ಕೊಡಬೇಕಾಗಿದೆ. ನಮ್ಮ ಪಿಯು ಕಾಮರ್ಸ್‌ನಲ್ಲಿ ಭೌತಶಾಸ್ತ್ರ ಇರಲ್ಲ, ಬೇಸಿಕ್ ಮ್ಯಾಥ್ಸ್ ತಗೊಂಡ್ರೂ ಅದು ಪೂರ್ತಿ ಗಣಿತ ಅಲ್ಲ. ಬಿ.ಆರ್ಕ್ ಆಗಲ್ಲ. ಇಂಟೀರಿಯರ್ ಡಿಸೈನ್ ಕೋರ್ಸುಗಳ ಕಡೆ ನೋಡಬಹುದು, ಆದ್ರೆ ಅದನ್ನು ಓದಿದವರು ಆರ್ಕಿಟೆಕ್ಟ್ ಅಂತ ಬೋರ್ಡು ಹಾಕೋ ಹಾಗಿಲ್ಲ. ಕೌನ್ಸಿಲ್‌ನಲ್ಲಿ ನೋಂದಣಿ ಆದವರಿಗೆ ಮಾತ್ರ ಆ ಹೆಸರು.

ನಾಟಾ ಮಾದರಿ, 2025ರಲ್ಲಿ ಇದ್ದ ಹಾಗೆ: ಒಟ್ಟು 200 ಅಂಕ. ಎ ಭಾಗ ಕಾಗದದ ಮೇಲೆ ಡ್ರಾಯಿಂಗ್, 90 ನಿಮಿಷ, 80 ಅಂಕ. ಅದರಲ್ಲಿ ಮೂರೇ ಪ್ರಶ್ನೆ: ಬಣ್ಣದ ಸಂಯೋಜನೆ 25, ಕಪ್ಪು ಬಿಳುಪು ಸ್ಕೆಚ್ 25, ಕೊಟ್ಟ ಕಿಟ್‌ನಿಂದ ಮೂರು ಆಯಾಮದ ರಚನೆ 30. ಬಿ ಭಾಗ ಕಂಪ್ಯೂಟರ್‌ನಲ್ಲಿ, ಅದೂ 90 ನಿಮಿಷ, 120 ಅಂಕ. ಒಂದೇ ವರ್ಷದಲ್ಲಿ ಮೂರು ಸಲ ಬರೆಯೋ ಅವಕಾಶ ಇತ್ತು, ಚೆನ್ನಾಗಿ ಬಂದ ಅಂಕವೇ ಲೆಕ್ಕ. ಎರಡೂ ಭಾಗದಲ್ಲಿ ಬೇರೆಬೇರೆಯಾಗಿ ಕನಿಷ್ಠ ಅಂಕ ಬರಬೇಕು, ಒಂದರಲ್ಲಿ ಮೇಲೆ ಹೋಗಿ ಇನ್ನೊಂದನ್ನು ಸರಿತೂಗಿಸೋಕೆ ಆಗಲ್ಲ.

ಹರಿಹರ_ಸೇತುವೆ

ಸಿಇಟಿ ಬರೆದು ರ‍್ಯಾಂಕ್ ಬಂದ್ರೇನೇ ಪರೀಕ್ಷಾ ಪ್ರಾಧಿಕಾರ (ಕೆಇಎ) ಸೀಟು ಕೊಡೋದು ಅಲ್ವಾ? ನಮ್ಮ ಕಡೆ ಹಾಗೇ ಹೇಳ್ತಾರೆ.

ಸ್ಕೇಲು_ಪೆನ್ಸಿಲ್

ಇಲ್ಲ. ಸಿಇಟಿ *ಅರ್ಜಿ* ಬೇರೆ, ಸಿಇಟಿ *ಪರೀಕ್ಷೆ* ಬೇರೆ. ಇದನ್ನು ಒಂದೇ ಅಂದ್ಕೊಂಡು ಪ್ರತಿ ವರ್ಷ ಒಳ್ಳೆಯ ಮಕ್ಕಳು ಸರ್ಕಾರಿ ಕೋಟಾ ಸೀಟು ಕಳ್ಕೊಳ್ತಾರೆ. ನೋಡಿದ್ರೆ ಸಂಕಟ ಆಗುತ್ತೆ.

ಕೆಇಎ ಮೂಲಕ ಆರ್ಕಿಟೆಕ್ಚರ್ ಸೀಟು ಬೇಕಾದ್ರೆ ಯುಜಿಸಿಇಟಿ (ಅದೇ ಸಿಇಟಿ) ಆನ್‌ಲೈನ್ ಅರ್ಜಿಯನ್ನು ಕೊನೇ ದಿನಾಂಕದೊಳಗೆ ತುಂಬಿ, ಕೋರ್ಸುಗಳ ಪಟ್ಟಿಯಲ್ಲಿ ಆರ್ಕಿಟೆಕ್ಚರ್ ಟಿಕ್ ಮಾಡಿ, ಶುಲ್ಕ ಕಟ್ಟಲೇಬೇಕು. ಆರ್ಕಿಟೆಕ್ಚರ್ ರ‍್ಯಾಂಕಿಗೆ ಸಿಇಟಿ ಅಂಕ ಸೇರಲ್ಲ. ನಾಟಾ ಅರ್ಧ, ಪಿಯುಸಿ ಅರ್ಧ. ನಾಟಾ ಬಂದ ಮೇಲೆ ಕೆಇಎ ಪೋರ್ಟಲ್‌ನಲ್ಲಿ ಅಂಕ ದಾಖಲಿಸೋಕೆ ಕೊಂಡಿ ತೆರೀತಾರೆ, ನೀವೇ ಹೋಗಿ ತುಂಬಬೇಕು. ತಾನಾಗಿ ಹೋಗುತ್ತೆ ಅಂತ ಕೂತ್ರೆ ರ‍್ಯಾಂಕೇ ಬರಲ್ಲ. ಇಂಜಿನಿಯರಿಂಗೂ ಒಂದು ಕೈ ನೋಡೋಣ ಅನ್ನೋರು ಮಾತ್ರ ಸಿಇಟಿ ಪರೀಕ್ಷೆ ಬರೀಲಿ.

ಲೆಕ್ಕ ಹೀಗೆ. ಪಿಯುಸಿ 600ಕ್ಕೆ 540, ಅಂದ್ರೆ 90%. ನಾಟಾ 200ಕ್ಕೆ 110, ಅಂದ್ರೆ 55%. ಎರಡರ ಅರ್ಧರ್ಧ ಸೇರಿಸಿದ್ರೆ 72.5. ಇನ್ನೊಬ್ಬಳಿಗೆ ಪಿಯುಸಿ 80%, ನಾಟಾ 140 (70%), ಅವಳಿಗೆ 75. ಪಿಯುಸಿಯಲ್ಲಿ 60 ಅಂಕ ಕಡಿಮೆ ಇದ್ದವಳು ಮುಂದೆ ಹೋದ್ಲು. ಹಾಗಂತ ಪಿಯುಸಿ ಸಡಿಲ ಬಿಡೋ ಹಾಗೂ ಇಲ್ಲ, ನಾಟಾದಲ್ಲಿ 140 ದಾಟೋದು ಸುಲಭ ಅಲ್ಲ.

ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟ) ಸೀಟುಗಳಿಗೆ ಪ್ರತ್ಯೇಕ ಅರ್ಜಿ. ಎನ್‌ಐಟಿ, ಎಸ್‌ಪಿಎ ಅಂಥ ಕೇಂದ್ರ ಸರ್ಕಾರದ ಸಂಸ್ಥೆ ಬೇಕಾದ್ರೆ ನಾಟಾ ನಡೆಯಲ್ಲ, ಜೆಇಇ ಮೇನ್‌ನ ಪೇಪರ್ 2ಎ ಬರೀಬೇಕು: ಗಣಿತ, ಆಪ್ಟಿಟ್ಯೂಡ್, ಡ್ರಾಯಿಂಗ್ ಸೇರಿ 400 ಅಂಕ. ಸುರತ್ಕಲ್‌ನಲ್ಲಿ ಬಿ.ಆರ್ಕ್ ಇಲ್ಲ, ದಕ್ಷಿಣದಲ್ಲಿ ಕಲ್ಲಿಕೋಟೆ, ತಿರುಚಿನಾಪಳ್ಳಿ ಎನ್‌ಐಟಿಗಳಲ್ಲಿ, ವಿಜಯವಾಡ ಎಸ್‌ಪಿಎಯಲ್ಲಿ ಇದೆ.

ದುರ್ಗದ_ಸ್ಕೆಚ್‌ಬುಕ್

ಡ್ರಾಯಿಂಗ್ ಬಗ್ಗೆ ನಾನು ಬರೀತೀನಿ. ಬೆಂಗಳೂರಿಗೆ ಹೋಗೋದು ಕಡ್ಡಾಯ ಅಲ್ಲ ಸರ್. ನಿಮ್ಮ ಸುತ್ತಮುತ್ತ ಇರೋ ಜಾಗಗಳು ಪರ್ಸ್ಪೆಕ್ಟಿವ್ (ದೂರ ಹೋದ ಹಾಗೆ ಚಿಕ್ಕದಾಗಿ ಕಾಣೋದನ್ನು ಬಿಡಿಸೋ ರೀತಿ) ಕಲಿಯೋಕೆ ಎಷ್ಟು ಚೆನ್ನಾಗಿವೆ ಅಂದ್ರೆ, ಅವನ್ನು ಬಿಟ್ಟು ಫೋಟೋ ನೋಡಿ ಕಾಪಿ ಮಾಡೋದೇ ತಪ್ಪು.

ಸಂತೆಬೆನ್ನೂರು ಪುಷ್ಕರಣಿಗೆ ಹೋಗಿ. ಒಂದು ಬದಿಯ ಮೆಟ್ಟಿಲ ಮಧ್ಯ ನಿಂತು ನೇರ ನೋಡಿದ್ರೆ ಒಂದೇ ಬಿಂದುವಿನ ಪರ್ಸ್ಪೆಕ್ಟಿವ್ ಸಿಗುತ್ತೆ: ಎಡ ಬಲದ ಮೆಟ್ಟಿಲ ಸಾಲುಗಳೆಲ್ಲ ನಡುವಿನ ಮಂಟಪದ ಹಿಂದೆ ಒಂದು ಕಡೆ ಕೂಡ್ತವೆ, ಅದೇ ಆ ಬಿಂದು. ಅದೇ ಜಾಗದಿಂದ ಮೂಲೆಗೆ ಹೋಗಿ ನಿಂತ್ರೆ ಎರಡು ಬಿಂದು. ಆಗ ಬಿಂದುಗಳು ಹಾಳೆಯ ಹೊರಗೆ ಬೀಳ್ತವೆ, ಅವನ್ನು ಹಾಳೆಯೊಳಗೇ ತುರುಕಿದ್ರೆ ಮಂಟಪ ಮುಂದಕ್ಕೆ ವಾಲಿದ ಹಾಗೆ ವಿಕಾರ ಕಾಣುತ್ತೆ. ಹೊಸಬರ ಸ್ಕೆಚ್‌ನಲ್ಲಿ ಮೊದಲು ಕಣ್ಣಿಗೆ ಹೊಡೆಯೋ ತಪ್ಪು ಇದೇ.

ಮೊದಲು ಕಣ್ಣಿನ ಮಟ್ಟದ ಗೆರೆ ತೆಳ್ಳಗೆ ಎಳೀಲಿ. ಅವಳು ನಿಂತಿರೋ ನೆಲದಲ್ಲೇ ನಿಂತಿರೋ ಅವಳಷ್ಟೇ ಎತ್ತರದ ಜನ ಹತ್ತಿರ ಇರಲಿ ದೂರ ಇರಲಿ, ಅವರ ಕಣ್ಣು ಆ ಗೆರೆ ಮೇಲೇ ಬರುತ್ತೆ. ಕಾಲು ಮಾತ್ರ ಮೇಲೆ ಕೆಳಗೆ ಆಗುತ್ತೆ. ಮೆಟ್ಟಿಲು ಇಳಿದವರ ತಲೆ ಗೆರೆಗಿಂತ ಕೆಳಗೆ. ಇಷ್ಟು ತಿಳಿದ್ರೆ ಮನುಷ್ಯರ ಅಳತೆ ಎಂದೂ ತಪ್ಪಲ್ಲ. ನೀರಿನ ಪ್ರತಿಬಿಂಬಕ್ಕೆ ಬೇರೆ ಬಿಂದು ಹುಡುಕಬೇಡಿ, ಮೇಲಿನ ಆಕೃತಿಯ ಬಿಂದುವೇ ಅದಕ್ಕೂ. ಮಂಟಪ ನೀರಿನ ಮಟ್ಟದಿಂದ ಎಷ್ಟು ಮೇಲಿದೆಯೋ ಪ್ರತಿಬಿಂಬ ಅಷ್ಟೇ ಕೆಳಗಿಳಿಯುತ್ತೆ. ಆದ್ರೆ ಅಳತೆ ತಗೊಳ್ಳೋದು ನೀರಿನ ಅಂಚಿಂದ, ಮೆಟ್ಟಿಲ ತಲೆಯಿಂದ ಅಲ್ಲ.

ದುರ್ಗದ ಕೋಟೆಗೆ ಬಂದ್ರೆ ಬೇರೆ ಪಾಠ. ಬಾಗಿಲ ಹತ್ತಿರ ದಾರಿ ನೇರ ಇರಲ್ಲ, ತಿರುಗುತ್ತೆ. ಆನೆ ಓಡಿ ಬಂದು ಕದ ಗುದ್ದೋಕೆ ಆಗಬಾರದು ಅಂತ. ಆ ತಿರುವನ್ನು ಮೂರು ಸ್ಕೆಚ್‌ನಲ್ಲಿ ಬಿಡಿಸಲಿ: ತಿರುವಿಗೆ ಮೊದಲು, ತಿರುವಿನಲ್ಲಿ, ದಾಟಿದ ಮೇಲೆ. ಜಾಗ ಹೇಗೆ ಮುಚ್ಚಿಕೊಂಡು ಹೇಗೆ ತೆರೆದುಕೊಳ್ಳುತ್ತೆ ಅನ್ನೋದು ಕೈಗೆ ಬರುತ್ತೆ. ಬಂಡೆಗೆ ಪೂರ್ತಿ ಶೇಡ್ ಮಾಡೋದು ಬೇಡ. ಬೆಳಕು ಯಾವ ಕಡೆಯಿಂದ ಅಂತ ಮೊದಲೇ ತೀರ್ಮಾನಿಸಿ ನೆರಳಿನ ಮೈಗೆ ಮಾತ್ರ 4ಬಿ ಪೆನ್ಸಿಲು, ಹೊರಗೆರೆಗೆ ಎಚ್‌ಬಿ. ಹರಿಹರೇಶ್ವರ ದೇವಸ್ಥಾನದಲ್ಲಿ ಕಡೆದ ಕಂಬಗಳಿವೆ, 13ನೇ ಶತಮಾನದ ಹೊಯ್ಸಳರ ಕೆಲಸ. ಒಂದು ಕಂಬದ ಅರ್ಧ ಬಿಡಿಸಿ ನಡುಗೆರೆಯಿಂದ ಇನ್ನರ್ಧ ತಿರುಗಿಸೋ ಅಭ್ಯಾಸ ಮಾಡಲಿ. ದಾವಣಗೆರೆ ಗಾಜಿನಮನೆಯಲ್ಲಿ ಒಂದೇ ಚೌಕಟ್ಟು ಮತ್ತೆ ಮತ್ತೆ ಬರುತ್ತೆ, ದೂರ ಹೋದ ಹಾಗೆ ಅಂತರ ಹೇಗೆ ಕುಗ್ಗುತ್ತೆ ಅಂತ ಎಣಿಸಿ ನೋಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಸ್ಥಳದಲ್ಲಿ ಒಂದು ಸ್ಕೆಚ್‌ಗೆ 25 ನಿಮಿಷ, ಗಡಿಯಾರ ಇಟ್ಟುಕೊಂಡು. ಪರೀಕ್ಷೆಯಲ್ಲಿ ಒಂದಕ್ಕೆ 30 ನಿಮಿಷದ ಸರಾಸರಿ ಬರುತ್ತೆ, ಆದ್ರೆ ಕಿಟ್ ಪ್ರಶ್ನೆ ಸಮಯ ತಿನ್ನುತ್ತೆ. ಅದಕ್ಕೆ ಮನೆಯಲ್ಲಿ ಮದುವೆ ಕಾರ್ಡಿನ ದಪ್ಪ ಕಾಗದ ಸಾಕು. ಎರಡು ತುಂಡಿನಲ್ಲೂ ಅರ್ಧ ಎತ್ತರದ ತನಕ ಸೀಳು ಹಾಕಿ ಒಂದಕ್ಕೊಂದು ಸಿಕ್ಕಿಸಿದ್ರೆ ಗೋಂದಿಲ್ಲದೆ ನಿಲ್ಲುತ್ತೆ. ಸೀಳಿನ ಅಗಲ ಕಾಗದದ ದಪ್ಪದಷ್ಟೇ ಇರಬೇಕು, ಜಾಸ್ತಿ ಆದ್ರೆ ವಾಲುತ್ತೆ. ಬಣ್ಣದ ಪ್ರಶ್ನೆಯಲ್ಲಿ ಕೈಗೆ ಸಿಕ್ಕ ಬಣ್ಣ ಎಲ್ಲ ಸುರೀಬಾರದು. ಮೂರು ಬಣ್ಣ, ಅದರಲ್ಲಿ ಒಂದು ಹೆಚ್ಚಿನ ಜಾಗ ಹಿಡೀಬೇಕು, ಒಂದು ಸಣ್ಣದಾಗಿ ಎದ್ದು ಕಾಣಬೇಕು.

ನಿಟುವಳ್ಳಿ_ಓದುಗ

ಇಬ್ಬರಿಗೂ ತುಂಬಾ ಧನ್ಯವಾದ. ಭಾನುವಾರವೇ ಸಂತೆಬೆನ್ನೂರಿಗೆ ಕರ್ಕೊಂಡು ಹೋಗ್ತೀನಿ. ದಾಖಲೆ ಯಾವ್ಯಾವು ಈಗಲೇ ಮಾಡಿಸಿಡಬೇಕು? ನಮ್ಮ ಮೂಲ ಊರು ಹರಪನಹಳ್ಳಿ ತಾಲ್ಲೂಕು. ಅವಳು ಒಂದರಿಂದ ಏಳು ಹಳ್ಳಿಯಲ್ಲಿ ಓದಿದ್ದು, ಎಂಟರಿಂದ ದಾವಣಗೆರೆ.

ಹರಿಹರ_ಸೇತುವೆ

ಸಿಇಟಿ ವಿಷಯ ಸರಿಪಡಿಸಿದ್ದಕ್ಕೆ ಧನ್ಯವಾದ. ದಾಖಲೆ ಬಗ್ಗೆ ನಾನು ಹೇಳಬಲ್ಲೆ.

ಹರಪನಹಳ್ಳಿ ಅಂದ್ರೆ ಮೊದಲು ಸಂವಿಧಾನದ 371(ಜೆ) ವಿಧಿ ನೋಡಿ ಸರ್. 2018ರಲ್ಲಿ ತಾಲ್ಲೂಕು ದಾವಣಗೆರೆ ಜಿಲ್ಲೆಯಿಂದ ಬಳ್ಳಾರಿಗೆ ಸೇರಿತು, ಈಗ ವಿಜಯನಗರ ಜಿಲ್ಲೆ. ಕಲ್ಯಾಣ ಕರ್ನಾಟಕದ ಮೀಸಲಾತಿ ಸಿಗೋ ಅವಕಾಶ ಇದೆ. ಅರ್ಹತಾ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು, ಸಮಯ ಹಿಡಿಯುತ್ತೆ. ಫಲಿತಾಂಶ ಬರಲಿ ಅಂತ ಕಾಯಬೇಡಿ.

ಗ್ರಾಮೀಣ ಕೋಟಾ ಸಿಗಲ್ಲ. ಅದಕ್ಕೆ ಒಂದರಿಂದ ಹತ್ತನೇ ತರಗತಿ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ನಿಮ್ಮ ಮಗಳದು ಏಳಕ್ಕೆ ನಿಂತಿದೆ. ಕನ್ನಡ ಮಾಧ್ಯಮವೂ ಹಾಗೇ, ಹತ್ತೂ ವರ್ಷ ಕನ್ನಡದಲ್ಲಿ ಓದಿದ್ರೆ ಮಾತ್ರ ಟಿಕ್ ಮಾಡಿ. ಅರ್ಜಿಯಲ್ಲಿ ಸುಮ್ಮನೆ ಟಿಕ್ ಹಾಕಿ ಪರಿಶೀಲನೆಯಲ್ಲಿ ತೋರಿಸೋಕಾಗದೆ ಒದ್ದಾಡೋದು ಬೇಡ.

ವ್ಯಾಸಂಗ ಪ್ರಮಾಣಪತ್ರ ಓದಿದ ಪ್ರತಿ ಶಾಲೆಯಿಂದ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲ್ಸಹಿ ಸಮೇತ. ಅವಳು ಎರಡು ತಾಲ್ಲೂಕಲ್ಲಿ ಓದಿರೋದರಿಂದ ಎರಡು ಬಿಇಒ ಕಚೇರಿ ತಿರುಗಬೇಕು. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯದು, ಅದರ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ಹಾಕ್ತೀರಿ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರೋ ಹಾಗೇ, ಇನಿಷಿಯಲ್ ಹಿಂದೆ ಮುಂದೆ ಆಗದಂತೆ ಇರಬೇಕು. ನಾಟಾ ಅರ್ಜಿಯಲ್ಲೂ ಅದೇ ಕಾಗುಣಿತ.

ಸ್ಕೇಲು_ಪೆನ್ಸಿಲ್

ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸನ್ನು ಇಷ್ಟದ ಕ್ರಮದಲ್ಲಿ ತುಂಬೋದು) ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಸಿಇಟಿನೂ ಬರೆದಿದ್ರೆ ಇಂಜಿನಿಯರಿಂಗ್, ಆರ್ಕಿಟೆಕ್ಚರ್ ಎರಡೂ ಒಂದೇ ಪಟ್ಟಿಯಲ್ಲಿ ಬರ್ತವೆ, ಸಿಗೋದು ಒಂದೇ ಸೀಟು. ಮನೆಯವರ ಸಮಾಧಾನಕ್ಕೆ ಅಂತ ಕಂಪ್ಯೂಟರ್ ಸೈನ್ಸ್ ಮೇಲೆ ಹಾಕಿದ್ರೆ ಅದೇ ಬಂದು ಕೂರುತ್ತೆ, ಕೆಳಗಿನ ಆರ್ಕಿಟೆಕ್ಚರ್ ಆಪ್ಷನ್‌ಗಳನ್ನು ಯಾರೂ ನೋಡಲ್ಲ. ಅವಳಿಗೆ ಬೇಕಾದ್ದೇ ಮೇಲಿರಲಿ.

ಕಾಲೇಜು ಆರಿಸುವಾಗ ಕೌನ್ಸಿಲ್ ವೆಬ್‌ಸೈಟಿನಲ್ಲಿ ಆ ವರ್ಷದ ಅನುಮೋದಿತ ಪಟ್ಟಿ ತೆಗೆದು ಕಾಲೇಜಿನ ಹೆಸರು, ಸೀಟಿನ ಸಂಖ್ಯೆ ಎರಡೂ ನೋಡಿ. ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆ ಇದೆ ಅಂತ ಯಾರಾದ್ರೂ ತೋರಿಸಿದ್ರೆ ಅಷ್ಟಕ್ಕೇ ಒಪ್ಪಬೇಡಿ. ಆರ್ಕಿಟೆಕ್ಚರ್ ಶಿಕ್ಷಣಕ್ಕೆ ಕೌನ್ಸಿಲ್ಲೇ ಅಧಿಕಾರ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೌನ್ಸಿಲ್ ಅನುಮೋದನೆ ಇಲ್ಲದ ಕಡೆ ಓದಿದ್ರೆ ಐದು ವರ್ಷ ಆದ ಮೇಲೆ ನೋಂದಣಿಯೇ ಆಗಲ್ಲ.

ದುರ್ಗದ_ಸ್ಕೆಚ್‌ಬುಕ್

ಸೇರಿದ ಮೇಲೆ ಏನು ಓದ್ತಾರೆ ಅನ್ನೋದೂ ಗೊತ್ತಿರಲಿ. ವಾರದ ಹೆಚ್ಚು ಗಂಟೆ ಡಿಸೈನ್ ಸ್ಟುಡಿಯೋಗೆ. ಜೊತೆಗೆ ಕಟ್ಟಡ ಸಾಮಗ್ರಿ ಮತ್ತು ನಿರ್ಮಾಣ, ಗ್ರಾಫಿಕ್ಸ್, ವಾಸ್ತುಶಿಲ್ಪದ ಇತಿಹಾಸ, ಸ್ಟ್ರಕ್ಚರ್ಸ್ (ಕಟ್ಟಡ ಭಾರ ಹೊರೋ ಲೆಕ್ಕ). ಕೊನೆಯ ವರ್ಷಗಳಲ್ಲಿ ಒಂದು ಸೆಮಿಸ್ಟರ್ ಆರ್ಕಿಟೆಕ್ಟ್ ಕಚೇರಿಯಲ್ಲಿ ತರಬೇತಿ, ಆಮೇಲೆ ಥೀಸಿಸ್. ಮಕ್ಕಳು ಫೇಲಾಗೋದು ಬಹುತೇಕ ಸ್ಟ್ರಕ್ಚರ್ಸ್‌ನಲ್ಲಿ, ಪಿಯುಸಿ ಭೌತಶಾಸ್ತ್ರದ ಬಲ, ಭ್ರಾಮಕ (ಬಲ ತಿರುಗಿಸೋ ಪರಿಣಾಮ) ಮರೆತಿರ್ತಾರೆ. ಸ್ಟುಡಿಯೋದಲ್ಲಿ ಹಿಂದೆ ಬೀಳೋದು ವಾರವಾರ ತೋರಿಸದೆ ಕೊನೆಗೆ ಒಂದೇ ಸಲ ಹಾಳೆ ತುಂಬಿಸಿದವರು. ಜ್ಯೂರಿಯಲ್ಲಿ (ಮಾಡಿದ ಕೆಲಸ ತೋರಿಸೋ ಮೌಲ್ಯಮಾಪನ) ಸುಂದರ ಚಿತ್ರಕ್ಕಿಂತ ಪ್ಲಾನು, ಸೆಕ್ಷನ್ನು (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ಬಿಡಿಸಿದ ಚಿತ್ರ) ಒಂದಕ್ಕೊಂದು ಹೊಂದುತ್ತಾ ಅಂತ ಮೊದಲು ನೋಡ್ತಾರೆ. ಪ್ಲಾನಿನಲ್ಲಿ ಇದ್ದ ಮೆಟ್ಟಿಲು ಸೆಕ್ಷನ್‌ನಲ್ಲಿ ಮೇಲಿನ ತೊಲೆಗೆ ತಲೆ ಹೊಡೆಯೋ ಹಾಗಿದ್ರೆ ಅಲ್ಲೇ ಸಿಕ್ಕಿಬೀಳ್ತಾರೆ.

ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಮಾಡೆಲ್ ಸಾಮಾನು ಇದನ್ನೆಲ್ಲ ಈಗ ಕೊಳ್ಳಬೇಡಿ. ಕೆಲವು ಕಾಲೇಜಲ್ಲಿ ಎ1 ಬೋರ್ಡು (594 × 841 ಮಿ.ಮೀ. ಹಾಳೆ ಹಿಡಿಯುವಂಥದ್ದು) ಅಲ್ಲೇ ಇರುತ್ತೆ, ಕೆಲವು ಕಡೆ ಪ್ಯಾರಲಲ್ ಬಾರ್ ಕೇಳ್ತಾರೆ. ಸೇರಿದ ಮೇಲೆ ಪಟ್ಟಿ ಕೊಡ್ತಾರೆ. ಈಗ ಒಂದು ಎ4 ಸ್ಕೆಚ್‌ಬುಕ್, ಎಚ್‌ಬಿ, 2ಬಿ, 4ಬಿ ಪೆನ್ಸಿಲು, ಒಂದು ಡಬ್ಬಿ ಬಣ್ಣದ ಪೆನ್ಸಿಲು ಸಾಕು. ಸಂತೆಬೆನ್ನೂರಿಗೆ ಹೋಗುವಾಗ ಬೆಳಿಗ್ಗೆ ಬೇಗ ಹೊರಡಿ, ಬಿಸಿಲು ನೆತ್ತಿಗೆ ಬಂದ್ರೆ ಮೆಟ್ಟಿಲಿನ ನೆರಳೆಲ್ಲ ಹೋಗಿ ಬಿಡಿಸೋಕೆ ಏನೂ ಉಳಿಯಲ್ಲ. ಬಿಡಿಸಿದ್ದನ್ನು ಫೋಟೋ ತೆಗೆದು ಇಲ್ಲೇ ಹಾಕಿಸಿ, ಗೆರೆ ಎಲ್ಲಿ ತಪ್ಪಿದೆ ಅಂತ ನೋಡಿ ಹೇಳ್ತೀನಿ.